ನಾರಾಯಣ್ ಮನೆ ಉಳಿಯಿತು, ನಮ್ಮ ತೊಟ್ಟಿಮನೆಗಳ ಗತಿ ಏನು?

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರಿದ್ದ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿದ್ದರು. ಪತ್ರಿಕೆಗಳಲ್ಲಿ ಸುದ್ದಿ ಬಂತು, ಕೆಲಸ ನಿಂತಿತು. ಆಮೇಲೆ ಮಹಾನಗರ ಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕುಪ್ಪಳಿಯಲ್ಲಿ ಕುವೆಂಪು ಅವರ ಮೂರಂತಸ್ತಿನ ತೊಟ್ಟಿಮನೆಯೂ ಹೀಗೇ ಉಳಿದಿದೆ.

ನಮ್ಮ ಗುಬ್ಬಿ ಕಡೆಯ ತೊಟ್ಟಿಮನೆಗಳಿಗೆ ಅಂಥ ದೊಡ್ಡ ಹೆಸರಿಲ್ಲ. ಹಾಗಾಗಿ ಅವು ಬಿದ್ದರೆ ಸುದ್ದಿಯಾಗುವುದಿಲ್ಲ. ಆದರೆ ಆ ಮನೆ ಕಟ್ಟಿದವರ ಲೆಕ್ಕಾಚಾರ ನೋಡಿ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಬೆಳಕು, ಗಾಳಿ, ಮಳೆನೀರು ಎಲ್ಲಕ್ಕೂ ಅದೇ ದಾರಿ. ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ದಪ್ಪ ಮಣ್ಣಿನ ಗೋಡೆ ಬಿಸಿಲನ್ನು ತಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ತೊಟ್ಟಿಮನೆಯಲ್ಲೂ ಆರ್‌ಸಿಸಿ ಮನೆಯಲ್ಲೂ ಕೂತು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಒಡೆಯುವವರನ್ನು ನಾವು ಬೈಯುವುದಿಲ್ಲ. ಹೆಂಚು ಸೋರುತ್ತದೆ, ಕೈಯಾಡಿಸುವ ಕೆಲಸಗಾರರು ಸಿಗುವುದಿಲ್ಲ. ಅಣ್ಣತಮ್ಮಂದಿರು ಭಾಗವಾದರೆ ತೊಟ್ಟಿಯ ನಡುವೆಯೇ ಗೋಡೆ ಏಳುತ್ತದೆ. ಕೊನೆಗೆ ಕಂಬ, ಬಾಗಿಲು ಹಳೇ ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ. ನಾಳೆ ಅವೇ ಯಾವುದೋ ರೆಸಾರ್ಟಿನಲ್ಲಿ ಅಲಂಕಾರಕ್ಕೆ ನಿಲ್ಲುತ್ತವೆ.

ಇಂಗ್ಲೆಂಡಿನಲ್ಲಿ ಇಂಥ ಮನೆಗಳ ಪಟ್ಟಿಯೇ ಇದೆ. ಮಾಲೀಕರು ಅಲ್ಲೇ ಬಾಳುತ್ತಾರೆ, ಆದರೆ ಕೆಡವಲು ಅಥವಾ ಮನೆಯ ಸ್ವರೂಪ ಬದಲಿಸಲು ಅನುಮತಿ ಬೇಕು. ನಮ್ಮ ಕೇಂದ್ರದ 1958ರ ಕಾಯ್ದೆ ನೂರು ವರ್ಷ ದಾಟಿದ ಸ್ಮಾರಕಗಳನ್ನು ಕಾಯುತ್ತದೆ. ಜನ ಬಾಳುತ್ತಿರುವ ಹಳ್ಳಿ ಮನೆಗಳವರೆಗೆ ಅದು ಬಂದದ್ದು ಅಪರೂಪ.

ಬರೀ ನಿಷೇಧ ಹೇರಿದರೆ ಬಡವರಿಗೆ ಅದು ಶಿಕ್ಷೆ. ಮೊದಲು ಪಟ್ಟಿಯಾಗಲಿ. ಇ-ಸ್ವತ್ತಿನಲ್ಲಿ ಮನೆಯ ಉದ್ದಗಲ ಬರೆಯುವ ಪಂಚಾಯಿತಿ, ತೊಟ್ಟಿಮನೆ ಎಂದೂ ಒಂದು ಸಾಲು ಬರೆಯಲಿ. ಹೊಸ ಮನೆಗೆ ಸಹಾಯಧನ ಕೊಡುವ ಸರ್ಕಾರ ಹಳೇ ಸೂರು ರಿಪೇರಿಗೂ ಕೊಡಲಿ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಫೋನಿದೆ. ಊರಲ್ಲಿ ತೊಟ್ಟಿಮನೆ ಇದ್ದರೆ, ಮನೆಯವರನ್ನು ಕೇಳಿ ಕಂಬ, ಬಾಗಿಲು, ತೊಟ್ಟಿಯ ಫೋಟೊ ತೆಗೆದಿಡಿ. ಕಟ್ಟಿದ್ದು ಯಾರು, ಮರ ಎಲ್ಲಿಯದು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ.