ಕಣಿವೆಗೆ ಹೆಸರಿಟ್ಟರೆ ಸಾಕೆ? ಕರ್ನಾಟಕದ ವೈನ್ ವಲಯಗಳು ಮತ್ತು ಅರಕು ಕಲಿಸುವ ಪಾಠ

ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಕೃಷ್ಣೆಯನ್ನು ನೋಡುವ ಕನ್ನಡಿಗರಿಗೆ, ಆ ನೀರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನು ಹಾದು ಬಂದಿದೆ ಎಂಬುದು ತಿಳಿದ ಸಂಗತಿಯೇ. ಆದರೆ ಅದೇ ಜಿಲ್ಲೆಗಳನ್ನು ಕರ್ನಾಟಕ ಸರ್ಕಾರವು 'ಕೃಷ್ಣಾ ಕಣಿವೆ' ಎಂಬ ಹೆಸರಿನಲ್ಲಿ ವೈನ್ ವಲಯವೆಂದು ಗುರುತಿಸಿರುವುದು ಬಹುಮಂದಿಗೆ ತಿಳಿದಿರಲಾರದು. ವೈನ್ ಎಂದೊಡನೆ ಮುಖ ತಿರುಗಿಸುವ ಮನೆಗಳು ನಮ್ಮಲ್ಲಿ ಹಲವು; ಅದು ಅವರವರ ಅಭಿರುಚಿಗೆ, ಆಚಾರಕ್ಕೆ ಸೇರಿದ್ದು. ಇಲ್ಲಿ ವಿಚಾರ ಮಾಡಬೇಕಾದುದು ಕುಡಿಯುವವರ ಕುರಿತಲ್ಲ, ಬೆಳೆಯುವವರ ಕುರಿತು. ಒಂದು ಸೀಮೆಗೆ ಸರ್ಕಾರ ಹೆಸರಿಟ್ಟರೆ ಅಲ್ಲಿನ ರೈತನಿಗೆ ದೊರೆಯುವುದೇನು?

ಮಹಾರಾಷ್ಟ್ರವು 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿಯನ್ನು ರೂಪಿಸಿ ನಾಸಿಕವನ್ನು ವೈನ್ ಉದ್ಯಮದ ಕೇಂದ್ರವಾಗಿಸಿತು. ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದುದು 2007ರಲ್ಲಿ. ಅದರ ಬೆನ್ನಲ್ಲೇ ವೈನ್ ಮಂಡಳಿಯೂ ಸ್ಥಾಪನೆಯಾಯಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಪ್ರದೇಶ 'ನಂದಿ ಕಣಿವೆ' ಎನಿಸಿಕೊಂಡರೆ, ಉತ್ತರದ ಪ್ರದೇಶ 'ಕೃಷ್ಣಾ ಕಣಿವೆ' ಎನಿಸಿಕೊಂಡಿತು. ಹಂಪಿ ಬೆಟ್ಟಗಳು, ಕಾವೇರಿ ಕಣಿವೆ ಎಂಬ ಹೆಸರುಗಳೂ ಈ ಸಾಲಿನಲ್ಲಿ ಕೇಳಿಬರುತ್ತವೆ.

ಇಂತಹ ಹೆಸರುಗಳಿಗೆ ಜಗತ್ತಿನಲ್ಲಿ ದೀರ್ಘ ಇತಿಹಾಸವಿದೆ. ಇಟಲಿಯ ಕಿಯಾಂತಿ ಪ್ರದೇಶದ ಎಲ್ಲೆಗಳನ್ನು 1716ರಲ್ಲಿಯೇ ರಾಜಾಜ್ಞೆಯ ಮೂಲಕ ಗೊತ್ತುಪಡಿಸಲಾಯಿತು. ಪೋರ್ಚುಗಲ್ಲಿನ ಡೋರೋ ಕಣಿವೆಗೆ 1756ರಲ್ಲಿ ಎಲ್ಲೆ ಹಾಕಲಾಯಿತು. ಕಲಬೆರಕೆಯಿಂದ ಕೆಟ್ಟಿದ್ದ ಪೋರ್ಟ್ ವೈನಿನ ಹೆಸರನ್ನು ಉಳಿಸುವುದೂ ಅದರ ಒಂದು ಉದ್ದೇಶವಾಗಿತ್ತು. ಫ್ರಾನ್ಸ್ ದೇಶವು 1935ರಲ್ಲಿ ರೂಪಿಸಿದ ವ್ಯವಸ್ಥೆಯು ಇನ್ನೂ ಕಟ್ಟುನಿಟ್ಟಿನದು. ಯಾವ ತಳಿ, ಎಕರೆಗೆ ಎಷ್ಟು ಇಳುವರಿ, ತಯಾರಿಕೆಯ ವಿಧಾನವೇನು ಎಂಬುದೆಲ್ಲವನ್ನೂ ಅದು ನಿಗದಿಪಡಿಸುತ್ತದೆ. ಅಮೆರಿಕದ ಕ್ರಮ ಸಡಿಲವಾದುದು. 1980ರಲ್ಲಿ ಮಿಸೌರಿಯ ಅಗಸ್ಟಾ ಅಲ್ಲಿನ ಮೊದಲ ಅಧಿಕೃತ ಪ್ರದೇಶವಾಯಿತು. ಮರುವರ್ಷ ನಾಪಾ ಕಣಿವೆಗೆ ಮನ್ನಣೆ ದೊರೆಯಿತು. ಅಲ್ಲಿ ರೈತ ಯಾವ ತಳಿಯನ್ನಾದರೂ ಬೆಳೆಯಬಹುದು. ಆದರೆ ಸೀಸೆಯ ಮೇಲೆ ಪ್ರದೇಶದ ಹೆಸರು ಹಾಕಬೇಕಾದರೆ ಶೇ. 85ರಷ್ಟು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. 2022ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕೂಡ ಇಂತಹ ಸಂರಕ್ಷಿತ ಹೆಸರನ್ನು ಪಡೆಯಿತು.

ಕ್ರಮ ಬಿಗಿಯಿರಲಿ, ಸಡಿಲವಿರಲಿ, ಇವೆಲ್ಲವುಗಳ ತಿರುಳು ಒಂದೇ: ಸೀಸೆಯ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಕಾನೂನಿನ ನಂಟು ಇರಬೇಕು. ನಮ್ಮ ಕೃಷ್ಣಾ ಕಣಿವೆ, ನಂದಿ ಕಣಿವೆಗಳು ಮುಖ್ಯವಾಗಿ ಉದ್ಯಮದ ಉತ್ತೇಜನಕ್ಕಾಗಿ ಸರ್ಕಾರಿ ನೀತಿಯಲ್ಲಿ ಮೂಡಿದ ಹೆಸರುಗಳು. ಭೌಗೋಳಿಕ ಸೂಚಕದ ಕಾಯ್ದೆಯಡಿ ನೋಂದಣಿಯಾಗಿ ರಕ್ಷಣೆ ಪಡೆಯುವ ಹೆಸರಿನ ಬಗೆ ಬೇರೆ. 1999ರ ಆ ಕಾಯ್ದೆ 2003ರಲ್ಲಿ ಜಾರಿಗೆ ಬಂದಿತು. 'ನಾಸಿಕ್ ವ್ಯಾಲಿ ವೈನ್' ಎಂಬ ಹೆಸರು ಅದರಡಿ ನೋಂದಾಯಿತವಾಗಿದೆ.

ಹಾಗೆಂದು ಕರ್ನಾಟಕದ ಹೆಸರುಗಳಲ್ಲಿ ಹುರುಳಿಲ್ಲವೆಂದಲ್ಲ. ನೀತಿ ಬರುವುದಕ್ಕೆ ಸುಮಾರು ಎರಡು ದಶಕಗಳ ಮುನ್ನವೇ, 1988ರಲ್ಲಿ, ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಸೆರಗಿನಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಿಸಿದ್ದರು. ಯುರೋಪಿನಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ಆ ವಿಶ್ರಾಂತಿಯಿಲ್ಲ. ಆದುದರಿಂದ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಿ, ಮಳೆಗಾಲವನ್ನು ತಪ್ಪಿಸಿ, ಬೇಸಿಗೆಯ ಹೊಸ್ತಿಲಲ್ಲಿ ಒಂದು ಕೊಯ್ಲು ಪಡೆಯುವ ಪದ್ಧತಿ ಬೆಳೆದಿದೆ. ಎತ್ತರದ ನೆಲ, ತಂಪು ರಾತ್ರಿಗಳ ನಂದಿಯ ಕಡೆಗೂ, ಬಿಸಿಲು ಕಾಯುವ ವಿಜಯಪುರದ ಕಡೆಗೂ ಹಣ್ಣಿನ ಗುಣದಲ್ಲಿ ವ್ಯತ್ಯಾಸ ಇದ್ದೇ ಇದೆ.

ಆದರೆ ಆ ವ್ಯತ್ಯಾಸದ ಬೆಲೆ ಯಾರ ಕೈಗೆ ಸೇರುತ್ತದೆ? ವಿಜಯಪುರದ ರೈತ ಹೆಚ್ಚಾಗಿ ಬೆಳೆಯುವುದು ಬೀಜರಹಿತ ದ್ರಾಕ್ಷಿಯನ್ನು. ಹಸಿ ಹಣ್ಣಿಗೆ ಬೆಲೆ ಬಾರದಿದ್ದರೆ ಒಣಗಿಸಿ ಒಣದ್ರಾಕ್ಷಿ ಮಾಡುವ ದಾರಿ ಆತನಿಗಿದೆ. ವೈನ್ ತಳಿಯ ಹಣ್ಣು ಹಾಗಲ್ಲ. ಅದು ಗಾತ್ರದಲ್ಲಿ ಕಿರಿದು, ಬೀಜವುಳ್ಳದ್ದು. ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಬಳ್ಳಿ ನೆಟ್ಟು ವರ್ಷಗಟ್ಟಲೆ ಕಾದ ಮೇಲೆ ಕಾರ್ಖಾನೆಯವರು ಕೊಳ್ಳಲೊಲ್ಲೆವೆಂದರೆ ರೈತನಿಗೆ ಬೇರೆ ಗತಿಯಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ನಾಸಿಕದಲ್ಲಿ ಆದುದು ಇದೇ. ಬೇಡಿಕೆ ಕುಸಿದಾಗ ಹಲವು ಕಾರ್ಖಾನೆಗಳು ಖರೀದಿಯಿಂದ ಹಿಂದೆ ಸರಿದವು. ಅನೇಕ ರೈತರು ವೈನ್ ಬಳ್ಳಿಗಳನ್ನು ಬುಡಸಹಿತ ಕಿತ್ತರು. ಪ್ರಸಿದ್ಧವಾದ ಹೆಸರೂ ಅವರನ್ನು ಕಾಪಾಡಲಿಲ್ಲ.

ಬೆಂಗಳೂರು ನೀಲಿ ದ್ರಾಕ್ಷಿಯ ಕಥೆಯೂ ಚಿಂತನೆಗೆ ಹಚ್ಚುವಂಥದು. ರಸಕ್ಕೂ ಸಿಹಿ ವೈನಿಗೂ ಒದಗುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಕಾನೂನಿನ ರಕ್ಷಣೆಯೇನೋ ಬಂದಿತು. ಆದರೆ ರಾಜಧಾನಿಯ ಸುತ್ತಲಿನ ತೋಟಗಳು ನಿವೇಶನಗಳಾಗುವುದನ್ನು ತಡೆಯುವ ಶಕ್ತಿ ಆ ಪ್ರಮಾಣಪತ್ರಕ್ಕಿಲ್ಲ. ಕಾಯ್ದೆ ಹೆಸರನ್ನು ಕಾಯಬಲ್ಲದು, ನೆಲವನ್ನು ಕಾಯಲಾರದು.

ಹಾಗಾದರೆ ಹೆಸರಿನಿಂದ ಬೆಳೆಗಾರನಿಗೆ ಲಾಭವಾದ ಉದಾಹರಣೆ ಇಲ್ಲವೆ? ವಿಶಾಖಪಟ್ಟಣದ ಕನ್ನಡಿಗರು ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. 2019ರ ಮಾರ್ಚಿಯಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳ ಜೊತೆಯಲ್ಲಿಯೇ ಅರಕು ಕಣಿವೆಯ ಅರೇಬಿಕಾ ಕಾಫಿಗೂ ಭೌಗೋಳಿಕ ಸೂಚಕ ಲಭಿಸಿತು. ಅಲ್ಲಿ ಹೆಸರಿಗಿಂತ ಮೊದಲು ಕೆಲಸ ನಡೆದಿತ್ತು. ವಿಶಾಖಪಟ್ಟಣದಲ್ಲಿ ಕೇಂದ್ರ ಕಚೇರಿಯುಳ್ಳ ಗಿರಿಜನ ಸಹಕಾರ ನಿಗಮವು ಆದಿವಾಸಿ ಬೆಳೆಗಾರರಿಂದ ಕಾಫಿಯನ್ನು ಖರೀದಿಸುತ್ತಿತ್ತು. ನಾಂದಿ ಫೌಂಡೇಶನ್ನಿನ ಬೆಂಬಲದಿಂದ ಬೆಳೆಗಾರರ ಸಹಕಾರ ಸಂಘವೂ ಕಟ್ಟಲ್ಪಟ್ಟಿತ್ತು. 2017ರಲ್ಲಿ ಪ್ಯಾರಿಸ್ ನಗರದಲ್ಲಿ ಅರಕು ಹೆಸರಿನ ಅಂಗಡಿ ತೆರೆದಾಗ ಭೌಗೋಳಿಕ ಸೂಚಕದ ಮುದ್ರೆ ಇನ್ನೂ ಬಿದ್ದಿರಲಿಲ್ಲ. ಗುಣ, ಸಂಘಟನೆ, ಖರೀದಿಯ ಭರವಸೆ ಈ ಮೂರೂ ಮೊದಲು ಬಂದವು. ಮುದ್ರೆ ಕೊನೆಗೆ ಬಂದಿತು. ಕರ್ನಾಟಕದ ವೈನ್ ವಲಯಗಳಲ್ಲಿ ನಂದಿಯ ಕೆಲವು ತೋಟಗಳನ್ನು ಬಿಟ್ಟರೆ ಈ ಕ್ರಮ ತಲೆಕೆಳಗಾಯಿತು ಎನ್ನಬೇಕಾಗುತ್ತದೆ.

ಇನ್ನೊಂದು ತೊಡಕೂ ಇದೆ. ಕಾಫಿ ಪುಡಿ ರಾಜ್ಯದಿಂದ ರಾಜ್ಯಕ್ಕೆ ಸರಾಗವಾಗಿ ಸಾಗುತ್ತದೆ. ಮದ್ಯವು ಸಂವಿಧಾನದಂತೆ ರಾಜ್ಯಗಳ ಅಧೀನದ ವಿಷಯವಾದುದರಿಂದ ವೈನು ಪ್ರತಿ ಗಡಿಯಲ್ಲಿಯೂ ಹೊಸ ಪರವಾನಗಿ, ಹೊಸ ಶುಲ್ಕಗಳನ್ನು ಎದುರಿಸಬೇಕು. ತವರಿನ ಗಡಿಯನ್ನೇ ಸುಲಭವಾಗಿ ದಾಟಲಾಗದ ಹೆಸರು ಹೊರನಾಡಿನಲ್ಲಿ ಪ್ರಸಿದ್ಧಿ ಪಡೆಯುವುದಾದರೂ ಹೇಗೆ?

ಮಾಡಬೇಕಾದುದು ಸ್ಪಷ್ಟವಾಗಿದೆ. ಕಣಿವೆಯ ಹೆಸರನ್ನು ಬಳಸಲು ಅಲ್ಲಿಯದೇ ಹಣ್ಣು ಇಷ್ಟು ಪಾಲು ಇರಬೇಕೆಂಬ ನಿಯಮ ಬೇಕು. ಅದನ್ನು ಪರೀಕ್ಷಿಸುವ ವ್ಯವಸ್ಥೆ ಬೇಕು. ಬೆಳೆಗಾರರ ಸಂಘವೇ ಆ ಹೆಸರಿನ ಒಡೆತನ ಹೊಂದಬೇಕು. ಖರೀದಿಯ ಕರಾರಿಗೆ ಕಾನೂನಿನ ಬಲವಿರಬೇಕು. ಇವು ಇಲ್ಲದಿದ್ದಲ್ಲಿ ಹೆಸರಿನ ಲಾಭ ಸೀಸೆ ಮಾರುವವನಿಗೆ, ನಷ್ಟ ಬಳ್ಳಿ ನೆಟ್ಟವನಿಗೆ ಎಂಬಂತಾಗುತ್ತದೆ.

ದಸರೆಯಲ್ಲಿ ನಮ್ಮ ಮನೆಗಳ ಗೊಂಬೆಗಳ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆಗಳೊಡನೆ ಕೊಂಡಪಲ್ಲಿ, ಏಟಿಕೊಪ್ಪಾಕದ ಬೊಂಬೆಗಳಿಗೂ ಸ್ಥಾನವಿದೆ. ಆ ಮೂರೂ ಊರಿನ ಹೆಸರಿನಿಂದಲೇ ಗುರುತಾದವು; ಏಕೆಂದರೆ ಆ ಹೆಸರುಗಳ ಹಿಂದೆ ತಲೆಮಾರುಗಳ ಕೈಕೆಲಸವಿದೆ. ಕೃಷ್ಣಾ ಕಣಿವೆಯ ಹೆಸರಿನ ಹಿಂದೆಯೂ ಅಂತಹ ಒಂದು ಆಸರೆ ನಿಂತರೆ ಮಾತ್ರ, ಹೊಳೆಯ ಮೇಲ್ದಂಡೆಯ ನಮ್ಮ ರೈತನ ಪಾಲಿಗೆ ಅದು ಆಸ್ತಿಯಾದೀತು.