ಶ್ರಮದಾನದ ಮರುದಿನ

ಪರಿಸರ ದಿನಕ್ಕೋ ಗಾಂಧಿ ಜಯಂತಿಗೋ ಊರ ಕೆರೆಯ ಏರಿಯ ಮೇಲೆ ಜನ ಸೇರುತ್ತಾರೆ. ಜಾಲಿ ಕಡಿಯುತ್ತಾರೆ, ಪ್ಲಾಸ್ಟಿಕ್ ಆಯುತ್ತಾರೆ, ನಾಲ್ಕು ಸಸಿ ನೆಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಾಲಿ ಮತ್ತೆ ಚಿಗುರಿ, ಜೊಂಡು ಮತ್ತೆ ಹಬ್ಬಿ ಕೆರೆ ಹಳೆಯ ಸ್ಥಿತಿಗೇ ಮರಳಿರುತ್ತದೆ. ಇದನ್ನು ಕಂಡವರಲ್ಲಿ ಕೆಲವರು, ಇಂಥ ಕೆಲಸ ಜನರಿಂದ ಆಗುವಂಥದ್ದಲ್ಲ, ಸರ್ಕಾರವೇ ಮಾಡಬೇಕು ಎನ್ನುತ್ತಾರೆ. ಇನ್ನು ಕೆಲವರು, ನಮ್ಮ ಜನ ಆರಂಭಶೂರರು, ಅವರಿಗೆ ಊರಿನ ಮೇಲೆ ಅಭಿಮಾನವಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಎರಡು ಮಾತುಗಳೂ ರೋಗವನ್ನು ತಪ್ಪಾಗಿ ಗುರುತಿಸುತ್ತವೆ. ಸಾಮಾನ್ಯ ಜನ ತಮ್ಮ ಊರನ್ನು ತಾವೇ ಸುಧಾರಿಸಿಕೊಂಡ ನಿದರ್ಶನಗಳು ಇತಿಹಾಸದಲ್ಲೂ ವರ್ತಮಾನದಲ್ಲೂ ಸಾಕಷ್ಟಿವೆ. ಅವು ಉಳಿದು ಬಂದದ್ದು ಜನರ ಔದಾರ್ಯ ಹೆಚ್ಚಿದ್ದರಿಂದ ಅಲ್ಲ. ದುಡಿಮೆಯ ಜೊತೆಗೆ ನಿಯಮ ಮಾಡುವ ಅಧಿಕಾರ, ಲೆಕ್ಕ ಕೇಳುವ ಹಕ್ಕು, ಫಲದಲ್ಲಿ ಪಾಲು ಇವೂ ಅದೇ ಜನರ ಕೈಯಲ್ಲಿ ಇದ್ದುದರಿಂದ. ಇವು ಇಲ್ಲದ ಕಡೆ ಎಷ್ಟೇ ಶ್ರಮದಾನ ನಡೆದರೂ ಅದು ಆ ದಿನಕ್ಕೇ ಮುಗಿಯುತ್ತದೆ.

ಇದಕ್ಕೆ ಕರ್ನಾಟಕದ ಕೆರೆಗಳೇ ಒಳ್ಳೆಯ ಸಾಕ್ಷಿ. ನಮ್ಮ ನಾಡಿನಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ವಾಡಿಕೆಯ ಲೆಕ್ಕ. ಇವುಗಳಲ್ಲಿ ಅನೇಕವು ನೂರಾರು ವರ್ಷ ನೀರು ಹಿಡಿದು ನಿಂತದ್ದು ಕಟ್ಟಿಸಿದವರ ಪುಣ್ಯದ ಬಲದಿಂದಲ್ಲ. ಶಾಸನಗಳಲ್ಲಿ ಬರುವ ಬಿತ್ತುವಟ್ಟವೆಂದರೆ ಕೆರೆಯ ಕೆಳಗಿನ ಭೂಮಿಯ ಆದಾಯದಲ್ಲಿ ಒಂದು ಪಾಲನ್ನು ಅದೇ ಕೆರೆಯ ರಕ್ಷಣೆಗೆ ಮೀಸಲಿಡುವ ಏರ್ಪಾಡು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಹೂಳು ತೆಗೆಯುವುದು, ಮಳೆಗೆ ಮುಂಚೆ ಕಾಲುವೆ ಸರಿಮಾಡುವುದು, ಏರಿಗೆ ಮಣ್ಣು ಹಾಕುವುದು ಅಚ್ಚುಕಟ್ಟಿನ ರೈತರ ಪಾಲಿನ ಕೆಲಸವಾಗಿತ್ತು. ನೀರು ಬೇಕಾದವನು ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಕಾಲಕ್ರಮದಲ್ಲಿ ಕೆರೆಗಳು ಇಲಾಖೆಗಳ ಸ್ವತ್ತಾದವು. ಇಂದು 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಚಾಕರಿಯನ್ನು ಕೊನೆಗಾಣಿಸಿತು. ನ್ಯಾಯದ ದೃಷ್ಟಿಯಿಂದ ಅದು ಆಗಲೇಬೇಕಿತ್ತು. ಆದರೆ ಇನ್ನು ಮುಂದೆ ತೂಬು ಎತ್ತುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಹೆಚ್ಚಿನ ಊರುಗಳಲ್ಲಿ ಉತ್ತರ ಸಿಗಲಿಲ್ಲ. ಮುಂದೆ ಕೊಳವೆಬಾವಿ ಬಂತು. ಅದನ್ನು ಕೊರೆಸುವ ಶಕ್ತಿಯುಳ್ಳವರಿಗೆ ಕೆರೆಯ ಹಂಗೇ ತಪ್ಪಿತು. ಊರಿನಲ್ಲಿ ನಾಲ್ಕು ಜನ ಕೇಳುವಂತೆ ಮಾತಾಡಬಲ್ಲವರೇ ಕೆರೆಯ ಮಾತು ಬಿಟ್ಟರು. ಜನರ ಅಭಿಮಾನ ಏಕಾಏಕಿ ಬತ್ತಿಹೋಗಲಿಲ್ಲ. ಕೆರೆಗೂ ಅವರಿಗೂ ಇದ್ದ ಹಕ್ಕು ಮತ್ತು ಹೊಣೆಯ ಕೊಂಡಿ ಒಂದೊಂದಾಗಿ ಕಳಚಿತು. ಅಭಿಮಾನ ಅದರ ಹಿಂದೆ ಹೋಯಿತು.

ಎಲ್ಲರಿಗೂ ಸೇರಿದ ಸ್ವತ್ತನ್ನು ಎಲ್ಲರೂ ಸೇರಿ ಹಾಳುಮಾಡುತ್ತಾರೆ, ಆದ್ದರಿಂದ ಅದನ್ನು ಸರ್ಕಾರಕ್ಕೋ ಖಾಸಗಿಯವರಿಗೋ ಒಪ್ಪಿಸದೆ ಬೇರೆ ದಾರಿಯಿಲ್ಲ ಎಂಬ ವಾದ ಬಹುಕಾಲ ಪಂಡಿತರ ನಡುವೆ ಚಲಾವಣೆಯಲ್ಲಿತ್ತು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಸಿದ್ಧ ಲೇಖನ ಅದಕ್ಕೆ ಬಲ ಕೊಟ್ಟಿತು. ಎಲಿನಾರ್ ಆಸ್ಟ್ರಮ್ ಈ ವಾದವನ್ನು ಕ್ಷೇತ್ರದಲ್ಲಿ ಪರೀಕ್ಷಿಸಿದರು. ಸ್ವಿಟ್ಜರ್ಲೆಂಡಿನ ಗೋಮಾಳಗಳು, ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳು, ನೇಪಾಳದ ರೈತರು ತಾವೇ ನಡೆಸುವ ನೀರಾವರಿ ಇವೆಲ್ಲವನ್ನೂ ನೋಡಿದ ಅವರಿಗೆ, ಬಳಸುವವರೇ ಸೇರಿ ನಿಯಮ ಮಾಡಿಕೊಂಡ ಕಡೆ ಸ್ವತ್ತು ತಲೆಮಾರುಗಟ್ಟಲೆ ಉಳಿದಿರುವುದು ಕಂಡಿತು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಹಳ್ಳಿಗರೆಲ್ಲ ಸಜ್ಜನರು ಎಂದು ಆಸ್ಟ್ರಮ್ ಎಲ್ಲೂ ಹೇಳಲಿಲ್ಲ. ಯಾರಿಗೆ ಹಕ್ಕು, ಎಷ್ಟು ಪಾಲು ಎಂಬುದು ಸ್ಪಷ್ಟವಿರಬೇಕು, ನಿಯಮ ಮಾಡುವಾಗ ಬಳಸುವವರ ಮಾತು ನಡೆಯಬೇಕು, ಕಾವಲು ಇರಬೇಕು, ತಪ್ಪಿದವನಿಗೆ ತಪ್ಪಿಗೆ ತಕ್ಕ ದಂಡ ಬೀಳಬೇಕು, ಜಗಳ ಬಗೆಹರಿಸುವ ಕಟ್ಟೆ ಹತ್ತಿರದಲ್ಲೇ ಇರಬೇಕು, ಮೇಲಿನ ಸರ್ಕಾರ ಈ ಏರ್ಪಾಡನ್ನು ಮನ್ನಿಸಬೇಕು ಎಂಬುವು ಅವರು ಗುರುತಿಸಿದ ಷರತ್ತುಗಳು. ಮಹಾರಾಷ್ಟ್ರದ ಹಿವರೆ ಬಜಾರ್ ಇದಕ್ಕೆ ಹತ್ತಿರದ ಉದಾಹರಣೆ. 1989ರಲ್ಲಿ ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ ಬರದ ಸೀಮೆಯ ಆ ಊರು ಇಂಗುಗುಂಡಿ, ಬದುಗಳನ್ನು ಮಾಡಿಕೊಂಡಿತು. ಆದರೆ ಅವನ್ನು ಬೇರೆ ಊರುಗಳೂ ಮಾಡಿದ್ದವು. ಹಿವರೆ ಬಜಾರ್ ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನು ನಿಷೇಧಿಸಿತು, ಗುಡ್ಡದಲ್ಲಿ ದನ ಬಿಟ್ಟು ಮೇಯಿಸುವುದನ್ನು ತಡೆಯಿತು, ಆ ವರ್ಷ ಬಿದ್ದ ಮಳೆಯ ಲೆಕ್ಕ ಹಾಕಿ ಯಾವ ಬೆಳೆ ಇಡಬೇಕೆಂದು ಗ್ರಾಮಸಭೆಯಲ್ಲಿ ತೀರ್ಮಾನಿಸಿತು. ಇಂಗಿದ ನೀರು ಅಲ್ಲಿ ಉಳಿದದ್ದು ಈ ಕಟ್ಟಳೆಯಿಂದ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಊರೇ ಊರನ್ನು ಆಳಿಕೊಂಡ ಕಾಲವನ್ನು ಹೊಗಳುವವರು ಆ ಊರಿನಲ್ಲಿ ಯಾರು ಆಳುತ್ತಿದ್ದರು ಎಂಬುದನ್ನು ಮರೆಯುತ್ತಾರೆ. ತೂಬು ಎತ್ತುವವನು ಎಷ್ಟೋ ಕಡೆ ದಲಿತನಾಗಿದ್ದ. ಆ ನೀರು ಹರಿಯುವ ಗದ್ದೆ ಅವನದಾಗಿರಲಿಲ್ಲ. ಊರ ಬಾವಿಯಲ್ಲಿ ನೀರು ಸೇದುವ ಹಕ್ಕೂ ಅವನಿಗಿರಲಿಲ್ಲ. ಹೆಂಗಸರಿಗೆ ಪಂಚಾಯಿತಿ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಹಳ್ಳಿಯನ್ನು ಸಂಕುಚಿತತೆಯ ಗೂಡು ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕಟುವಾಗಿ ಟೀಕಿಸಿದ್ದು ಅನುಭವದಿಂದಲೇ. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ಒಪ್ಪಿದ ಮೇಲೆ ನಮಗೆ ಬೇಕಾದದ್ದು ಹಳೆಯ ಊರಿನ ಪುನರುಜ್ಜೀವನವಲ್ಲ, ಕಾನೂನಿನ ಬಲವುಳ್ಳ ಹೊಸ ಊರು ಎಂಬುದೂ ತಿಳಿಯುತ್ತದೆ. ಕರ್ನಾಟಕ ಈ ದಾರಿಯನ್ನು ದೇಶಕ್ಕಿಂತ ಮುಂಚೆ ಹಿಡಿಯಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಪರಿಶಿಷ್ಟರಿಗೂ ಮಹಿಳೆಯರಿಗೂ ಪಂಚಾಯಿತಿಯಲ್ಲಿ ಸಂವಿಧಾನದತ್ತ ಸ್ಥಾನ ಕೊಟ್ಟಿತು. ಮೀಸಲು ಕುರ್ಚಿಯ ಹಿಂದೆ ಗಂಡನೋ ಗೌಡನೋ ನಿಂತು ಆಳುವುದುಂಟು, ನಿಜ. ಆದರೂ ಯಾರದೋ ಕೃಪೆಯಿಂದ ಸಿಕ್ಕಿದ ಜಾಗಕ್ಕೂ ಕಾನೂನು ಕೊಟ್ಟ ಜಾಗಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಕಸಿದರೆ ಪ್ರಶ್ನಿಸುವ ಬಾಗಿಲಾದರೂ ತೆರೆದಿರುತ್ತದೆ. ಸ್ಥಳೀಯ ಕ್ರಿಯೆಯೆಂದರೆ ಪಕ್ಷಾತೀತವಾದ, ರಾಜಕೀಯದ ಸೋಂಕಿಲ್ಲದ ಸೇವೆ ಎಂದು ಭಾವಿಸುವವರು ಈ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ತೆರಿಗೆ ಕಟ್ಟುವವರು ನಾವು, ಮೇಲೆ ಚರಂಡಿಯನ್ನೂ ನಾವೇ ಬಾಚಬೇಕೆ? ಜನರ ಸಹಭಾಗಿತ್ವದ ಹೆಸರಿನಲ್ಲಿ ಸರ್ಕಾರ ತನ್ನ ಹೊಣೆಯನ್ನು ಬಡವರ ಹೆಗಲಿಗೆ ದಾಟಿಸುತ್ತಿಲ್ಲವೆ? ಈ ಅನುಮಾನಕ್ಕೆ ಆಧಾರವಿದೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲ ಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿ, ಊರಿನವರಿಂದಲೂ ಒಂದಿಷ್ಟು ವಂತಿಗೆ ಕೇಳಿತು. ವಂತಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಬಿತ್ತುವಟ್ಟವೂ ಒಂದು ಬಗೆಯ ವಂತಿಗೆಯೇ. ಆದರೆ ವಂತಿಗೆ ಕೊಟ್ಟವನಿಗೆ ಮೀನಿನ ಹರಾಜಿನ ಹಣ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು, ಒತ್ತುವರಿ ತೆರವು ಮಾಡಿಸುವ ಅಧಿಕಾರ, ಯೋಜನೆ ಮುಗಿದ ಮೇಲೂ ಸಂಘಕ್ಕೊಂದು ಆದಾಯ ಇಲ್ಲದಿದ್ದರೆ ಅವನು ಕೊಟ್ಟದ್ದು ಬರಿಯ ಬಿಟ್ಟಿ ಚಾಕರಿ. ಕೇರಳ 1996ರಲ್ಲಿ ಜನಕೀಯ ಯೋಜನೆ ಆರಂಭಿಸಿದಾಗ ರಾಜ್ಯದ ಯೋಜನಾ ವೆಚ್ಚದ ಸುಮಾರು ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ವಶಕ್ಕೆ ಕೊಟ್ಟಿತು. ಹಂಚಲು ಹಣವಿದ್ದಾಗ ಜನ ಸಭೆಗೆ ಬಂದರು. ಮೊದಲೇ ತೀರ್ಮಾನವಾದ ಕ್ರಿಯಾಯೋಜನೆಗೆ ಕೈ ಎತ್ತಲು ಮಾತ್ರ ಕರೆದರೆ, ಕೂಲಿ ಬಿಟ್ಟು ಯಾರು ತಾನೆ ಬಂದಾರು? ಗ್ರಾಮಸಭೆಯ ಖಾಲಿ ಕುರ್ಚಿಗಳನ್ನು ಜನರ ಉದಾಸೀನಕ್ಕೆ ಸಾಕ್ಷಿಯೆಂದು ತೋರಿಸುವುದುಂಟು. ಹೆಚ್ಚಿನ ಸಲ ಅವು ಜನರ ವಿವೇಕಕ್ಕೆ ಸಾಕ್ಷಿ.

ಹಾಗಾಗಿ ನಾಗರಿಕರ ಪಾಲಿನ ಮುಖ್ಯ ಕೆಲಸ ಪೊರಕೆ ಹಿಡಿಯುವುದಕ್ಕಿಂತ ಲೆಕ್ಕದ ಪುಸ್ತಕ ತೆರೆಸುವುದು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಇದನ್ನು ತೋರಿಸಿಕೊಟ್ಟಿತು. 1994ರ ಕೊನೆಯಿಂದ ಅದು ನಡೆಸಿದ ಜನಸುನವಾಯಿ ಎಂಬ ಬಹಿರಂಗ ವಿಚಾರಣೆಗಳಲ್ಲಿ ಕಾಮಗಾರಿಗಳ ಬಿಲ್ಲು, ಕೂಲಿಯ ಹಾಜರಿ ಪಟ್ಟಿಗಳನ್ನು ಊರಿನವರ ಎದುರು ಗಟ್ಟಿಯಾಗಿ ಓದಿದರು. ಕಟ್ಟದ ಕಟ್ಟಡಕ್ಕೆ ಹಣ ಸಂದಾಯವಾದದ್ದು, ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಬರೆದದ್ದು ಆಯಾ ಊರಿನವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ದೂರದ ಲೆಕ್ಕಪರಿಶೋಧಕನಿಗೆ ಕಾಗದ ಸರಿಯಿದ್ದರೆ ಸಾಕು. ಇಲ್ಲದ ಚೆಕ್‌ಡ್ಯಾಮನ್ನು ಇದೆಯೆಂದು ಊರಿನವನಿಗೆ ನಂಬಿಸಲಾಗದು. ಈ ಹೋರಾಟದ ಫಲಗಳಲ್ಲಿ ಒಂದು 2005ರ ಮಾಹಿತಿ ಹಕ್ಕು ಕಾಯ್ದೆ. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮಸಭೆಯ ಮೂಲಕ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2001ರಲ್ಲಿ ರಚನೆಯಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಹಿಂದೆಯೂ ಇದೇ ತಿಳಿವಳಿಕೆಯಿತ್ತು. ಮಗು ಬಿಸಿಯೂಟ ಉಂಡಿತೇ, ಮೇಷ್ಟ್ರು ಬಂದರೇ ಎಂಬುದು ಶಿಕ್ಷಣಾಧಿಕಾರಿಗಿಂತ ಮೊದಲು ಗೊತ್ತಾಗುವುದು ತಾಯಂದಿರಿಗೆ. ಸರ್ಕಾರದ ಬದಲಿಗೆ ನಿಲ್ಲುವುದು ಜನರ ಕೆಲಸವಲ್ಲ. ಸರ್ಕಾರ ತನ್ನ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಅವರಿಂದಲೇ ಆಗಬೇಕಾದ ಕೆಲಸ.

ಹಳ್ಳಿಗೆ ಹೇಳಿದ್ದು ನಗರಕ್ಕೆ ಹೊಂದುವುದೇ ಎಂಬುದು ಮೂರನೆಯ ಪ್ರಶ್ನೆ. ನಗರದಲ್ಲಿ ನೆರೆಯವರ ಪರಿಚಯವೇ ಇರುವುದಿಲ್ಲ. ಬಿಡುವಿರುವ ಅನುಕೂಲಸ್ಥರು ಮಾತ್ರ ಸಂಘ ಕಟ್ಟಬಲ್ಲರು. ಬೆಂಗಳೂರಿನ ಅನುಭವ ಈ ಅಳುಕನ್ನು ಅರ್ಧ ಸಮರ್ಥಿಸುತ್ತದೆ, ಅರ್ಧ ನಿವಾರಿಸುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ನಿವಾಸಿಗಳ ಮತ್ತು ಪಾಲಿಕೆಯ ಜಂಟಿ ಪ್ರಯತ್ನದಿಂದ ಮತ್ತೆ ತುಂಬಿತು. ಆದರೆ ಬೇಲಿ, ಗೇಟು, ನಡಿಗೆಯ ಹಾದಿ ಬಂದ ಕೆರೆಗಳಲ್ಲಿ ಹುಲ್ಲು ಕೊಯ್ಯುವವರು, ದನ ತೊಳೆಯುವವರು, ಮೀನು ಹಿಡಿಯುವವರು ಹೊರಗುಳಿಯುವುದನ್ನು ಹರಿಣಿ ನಾಗೇಂದ್ರ ಅವರಂಥ ಸಂಶೋಧಕರು ದಾಖಲಿಸಿದ್ದಾರೆ. ಕೈಕೊಂಡ್ರಹಳ್ಳಿಯಲ್ಲಿ ಹುಲ್ಲು ಕೊಯ್ಯುವವರಿಗೆ ಅವಕಾಶ ಉಳಿಸಿದ್ದು, ಈ ಹೊರಗಿಡುವಿಕೆ ಅನಿವಾರ್ಯವಲ್ಲ ಎಂಬುದನ್ನೂ ತೋರಿಸುತ್ತದೆ. ಇನ್ನೊಂದು ಮಿತಿಯಿದೆ. ಮೇಲಿನ ಬಡಾವಣೆಗಳ ಕೊಳಚೆ ರಾಜಕಾಲುವೆಯಲ್ಲಿ ಹರಿದು ಬರುವಾಗ ಕೆರೆಯ ದಂಡೆಯವರು ಎಷ್ಟು ಬಾಚಿದರೂ ನೀರು ತಿಳಿಯಾಗದು. ಬೆಳ್ಳಂದೂರಿನ ನೊರೆಗೆ 2015ರಲ್ಲಿ ಬೆಂಕಿ ಹತ್ತಿದಾಗ ಇದು ದೇಶಕ್ಕೇ ಕಂಡಿತು. ಅಂಥಲ್ಲಿ ದಂಡೆಯ ಕೆಲಸ ನ್ಯಾಯಾಲಯದವರೆಗೂ ವಿಧಾನಸಭೆಯವರೆಗೂ ಬೆಳೆಯಬೇಕಾಗುತ್ತದೆ. ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ ನಾಗರಿಕ ಗುಂಪೊಂದು 2008ರಲ್ಲಿ ಹೈಕೋರ್ಟಿಗೆ ಹೋಯಿತು. ಅದರಿಂದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯೂ ಕೆರೆ ರಕ್ಷಣೆಯ ಆದೇಶಗಳೂ ಬಂದವು. ನಗರಕ್ಕೆ ಕೊರತೆಯಿರುವುದು ಕಾಳಜಿಯದಲ್ಲ, ಅದನ್ನು ಹಿಡಿದಿಡುವ ಸಂಸ್ಥೆಯದು. 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ವಿಧಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಬೆಂಗಳೂರಿನ ಪಾಲಿಕೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಮತ ಹಾಕಿ ಆರಿಸಿದ ಸದಸ್ಯನೇ ಇಲ್ಲದ ವಾರ್ಡಿನಲ್ಲಿ ಸಮಿತಿ ಯಾರನ್ನು ಕೇಳಬೇಕು?

ಒಬ್ಬಂಟಿಯಾಗಿ ಕೆರೆ ತೋಡಿದವರನ್ನು, ಮರ ಬೆಳೆಸಿದವರನ್ನು ನಾವು ಸನ್ಮಾನಿಸುತ್ತೇವೆ. ಅವರು ಅದಕ್ಕೆ ಅರ್ಹರು. ಆದರೆ ಒಬ್ಬರು ಹೊತ್ತದ್ದನ್ನು ಮೆಚ್ಚುವುದರಲ್ಲಿ ಹತ್ತು ಮಂದಿ ಹೊರಬೇಕಾದದ್ದನ್ನು ಮರೆಯುವ ಅಪಾಯವಿದೆ. ಸಾಧಕರು ಅಪರೂಪ; ಊರು ನಡೆಯಬೇಕಾದದ್ದು ಅಪರೂಪವಲ್ಲದವರಿಂದ. ಅವರಿಂದ ತ್ಯಾಗ ಕೇಳುವುದಕ್ಕಿಂತ, ತಿಂಗಳಿಗೆ ಎರಡು ಗಂಟೆ ಕೊಟ್ಟರೆ ಫಲ ಕಾಣುವಂಥ ವ್ಯವಸ್ಥೆ ಕೇಳುವುದು ಹೆಚ್ಚು ಪ್ರಾಮಾಣಿಕ. ಸರ್ಕಾರ ಸ್ಥಳೀಯ ಚುನಾವಣೆಗಳನ್ನು ಹೊತ್ತಿಗೆ ಸರಿಯಾಗಿ ನಡೆಸಲಿ, ಪಂಚಾಯಿತಿಗೂ ವಾರ್ಡಿಗೂ ಸ್ವಂತ ವಿವೇಚನೆಯಿಂದ ಖರ್ಚು ಮಾಡುವ ಹಣ ಕೊಡಲಿ, ಕೆರೆಯ ಆದಾಯ ಕೆರೆಗೇ ಉಳಿಯಲಿ. ಓದುಗರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆ ಸೇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಮುಂದಿನ ಸಭೆಯ ದಿನ ಯಾವುದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ವಿಚಾರಿಸಿ, ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗಿ. ಹಿಂದಿನ ಸಭೆಯ ನಡಾವಳಿ ಓದಿಸಿ. ಅದರಲ್ಲಿ ಬರೆದ ಕಾಮಗಾರಿಗಳಲ್ಲಿ ಯಾವುದು ಮುಗಿಯಿತು, ಎಷ್ಟು ಹಣ ಸಂದಾಯವಾಯಿತು ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆಸಿ. ಅದರ ಮುಂದಿನ ಸಭೆಗೂ ಹೋಗಿ.