ಮುಖದ ರೋಮಕ್ಕೆ ಬೆಳಕಿನ ಸುಂಕ

ಆರ್ಯಿಕಾ ಮಾತಾಜಿಯವರ ಕೇಶಲೋಚ ನಡೆಯುವಾಗ ಮುಂಬಯಿಯ ಶ್ರಾವಕ ಕುಟುಂಬಗಳು ಕೈಮುಗಿದು ಕುಳಿತಿರುತ್ತವೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಒಂದಾದ ಈ ಆಚರಣೆ ದೇಹಮಮತೆಯ ತ್ಯಾಗ. ಅದೇ ಕುಟುಂಬಗಳು ವಧೂವರರ ಸಮಾವೇಶ ಹತ್ತಿರವಾದಾಗ ಮಗಳ ಮೇಲ್ದುಟಿಯನ್ನೂ ಗದ್ದವನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸುತ್ತವೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಮುಲುಂಡ್, ಡೊಂಬಿವಲಿ, ಬೊರಿವಲಿಗಳ ಫ್ಲಾಟುಗಳಿಗೆ ಈಗ ಐಪಿಎಲ್ ಎಂಬ ಕೈಯಂತ್ರ ಬಂದಿದೆ. ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ; ತೀವ್ರ ಬೆಳಕಿನ ಮಿಡಿತಗಳನ್ನು ಚರ್ಮದ ಮೇಲೆ ಹಾಯಿಸಿ ರೋಮವನ್ನು ಕುಗ್ಗಿಸುವ ಉಪಕರಣವಿದು.

ರೋಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಬೆಳಕನ್ನು ಹೀರಿ ಶಾಖವಾಗಿಸುತ್ತದೆ. ಆ ಶಾಖ ರೋಮದ ಬೇರನ್ನು ದುರ್ಬಲಗೊಳಿಸುತ್ತದೆ. ಬಿಳಿಯ ಚರ್ಮ, ಕಪ್ಪು ರೋಮ ಉಳ್ಳವರೇ ಈ ಯಂತ್ರಕ್ಕೆ ತಕ್ಕ ಗಿರಾಕಿಗಳು. ಕಾರ್ಕಳ, ಮೂಡುಬಿದಿರೆ, ಬೆಳಗಾವಿಗಳಿಂದ ಬಂದ ಮನೆತನಗಳ ಶ್ಯಾಮಲೆಯ ಚರ್ಮದಲ್ಲಿಯೂ ಅದೇ ಮೆಲನಿನ್ ಹೇರಳವಾಗಿದೆ. ಯಾವುದನ್ನು ಸುಡಬೇಕು, ಯಾವುದನ್ನು ಬಿಡಬೇಕು ಎಂಬುದು ಬೆಳಕಿಗೆ ತಿಳಿಯದು. ಫಲವಾಗಿ ಗುಳ್ಳೆ, ಸುಟ್ಟ ಗಾಯ, ತಿಂಗಳುಗಟ್ಟಲೆ ಮಾಸದ ಕಲೆ. ಕಡುಗಪ್ಪು ಚರ್ಮದವರು ಬಳಸಕೂಡದೆಂಬ ವರ್ಣಪಟ್ಟಿಯೊಂದು ಪೆಟ್ಟಿಗೆಯೊಳಗೇ ಇರುತ್ತದೆ; ಅದನ್ನು ಓದುವ ಹೊತ್ತಿಗೆ ಹಣ ಪಾವತಿಯಾಗಿರುತ್ತದೆ.

ಇನ್ನೊಂದು ವಿಪರ್ಯಾಸವಿದೆ. ಕೆಲವರಲ್ಲಿ ಬೆಳಕಿನ ಚಿಕಿತ್ಸೆಯ ನಂತರ ರೋಮ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಇದು ಬಹುತೇಕ ಮುಖ ಮತ್ತು ಕತ್ತಿನಲ್ಲಿ, ಗಾಢ ವರ್ಣದ ಸ್ತ್ರೀಯರಲ್ಲಿ, ಹಾರ್ಮೋನಿನ ಏರುಪೇರು ಉಳ್ಳವರಲ್ಲಿ ಕಂಡುಬಂದಿದೆ. ಗದ್ದದ ಮೇಲೆ ದಪ್ಪ ರೋಮ, ಜೊತೆಗೆ ತಪ್ಪಿದ ಮುಟ್ಟು, ಏರಿದ ತೂಕ: ಇವು ಪಿಸಿಒಎಸ್‌ನ ಲಕ್ಷಣಗಳಾಗಿರಬಹುದು. ಮುಂದೆ ಮಧುಮೇಹಕ್ಕೂ ದಾರಿಯಾಗಬಲ್ಲ ಸ್ಥಿತಿ ಅದು. ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ನಾಯರ್ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಹೋಗಬೇಕಾದ ಹುಡುಗಿಯನ್ನು ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಯಂತ್ರದೊಡನೆ ಕೂರಿಸಲಾಗುತ್ತಿದೆ. ವೈದ್ಯರಲ್ಲಿಗೆ ಕರೆದೊಯ್ದರೆ "ಹುಡುಗಿಗೆ ಏನೋ ದೋಷವಿದೆಯಂತೆ" ಎಂಬ ಮಾತು ಸಂಬಂಧಿಕರಲ್ಲಿ ಹಬ್ಬೀತೆಂಬ ಭಯ! ಸಹಸ್ರಾರು ರೂಪಾಯಿ ಬೆಲೆಯ ಈ ಯಂತ್ರವನ್ನು ಒಮ್ಮೆ ಹೂಡುವ ಬಂಡವಾಳವೆಂದು ತಂದೆ ಲೆಕ್ಕ ಹಾಕುತ್ತಾನೆ. ಬಳಕೆ ನಿಂತೊಡನೆ ರೋಮ ಕ್ರಮೇಣ ಮರಳುವುದರಿಂದ ವಾಸ್ತವದಲ್ಲಿ ಮುಗಿಯದಿರುವುದು ಮಗಳ ಶ್ರಮ.

ತನ್ನಿಚ್ಛೆಯಿಂದ, ತಿಳಿದು ಬಳಸುವ ಹೆಣ್ಣಿನ ಮೇಲೆ ಆಕ್ಷೇಪವಿಲ್ಲ. ಗಡ್ಡ ಬೋಳಿಸಿಕೊಳ್ಳುವ ಗಂಡನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ. ಆಕ್ಷೇಪ ಇರುವುದು ಭಯವನ್ನು ಮಾರುವವರ ಮೇಲೆ, ಆ ಭಯವನ್ನು ಬೆಳೆಸಿಕೊಟ್ಟ ಸಮಾಜದ ಮೇಲೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಚರ್ಮದ ವರ್ಣದ ಎಚ್ಚರಿಕೆಯನ್ನು ಪೆಟ್ಟಿಗೆಯ ಹೊರಗೆ, ಕನ್ನಡ, ಮರಾಠಿಗಳಲ್ಲಿಯೂ ಮುದ್ರಿಸಬೇಕೆಂದು ಸರ್ಕಾರ ಆದೇಶಿಸಲಿ.

ಸಮಾಜದ ಮುಖಂಡರ ಕೆಲಸ ಇದಕ್ಕಿಂತ ಸುಲಭ. ವಧೂವರರ ಪರಿಚಯಪತ್ರದಿಂದ "ಗೌರವರ್ಣ", "ಸುಂದರ" ಎಂಬ ಅಂಕಣಗಳನ್ನು ಈ ವರ್ಷವೇ ತೆಗೆದುಹಾಕಬಹುದು. ಅಭಿಷೇಕದ ಸವಾಲಿನಲ್ಲಿ ಕೂಡಿದ ಹಣದ ಒಂದಂಶದಿಂದ ಚರ್ಮರೋಗ ಮತ್ತು ಸ್ತ್ರೀರೋಗ ತಜ್ಞೆಯರ ಶಿಬಿರವೊಂದನ್ನು ಸಮಾವೇಶದ ಸಭಾಂಗಣದಲ್ಲಿಯೇ ನಡೆಸಬಹುದು. ವೆಚ್ಚದ ಪಟ್ಟಿಯನ್ನು ವಾರ್ಷಿಕ ಮಹಾಸಭೆಯ ಮುಂದಿಡಲಿ. ಯಾರು ವಿರೋಧಿಸುತ್ತಾರೆಂಬುದು ಅಲ್ಲಿಯೇ ದಾಖಲಾಗಲಿ.